ಪ್ಲೇಆಫ್ ರೀಸೇಲ್ ಟಿಕೆಟ್‌ಗೆ ಎಷ್ಟು ದುಡ್ಡು ಎತ್ತಿಡಬೇಕು?

ಮಳೆಗಾಲ

ಎಲ್ಲರಿಗೂ ನಮಸ್ಕಾರ. ಅಪ್ಪ ಅಮ್ಮ ಊರಿಂದ ಅಮೆರಿಕಕ್ಕೆ ಬಂದು ಎರಡು ತಿಂಗಳಾಯಿತು. ಬಂದಾಗಿನಿಂದ ಅಪ್ಪನಿಗೆ ಎನ್‌ಬಿಎ, ಅಂದರೆ ಇಲ್ಲಿನ ಬ್ಯಾಸ್ಕೆಟ್‌ಬಾಲ್ ಲೀಗ್‌ನ ಹುಚ್ಚು ಹಿಡಿದಿದೆ. ಕಾಲೇಜಿನಲ್ಲಿ ಬ್ಯಾಸ್ಕೆಟ್‌ಬಾಲ್ ಆಡುತ್ತಿದ್ದರಂತೆ, ಇಷ್ಟು ವರ್ಷ ನನಗೆ ಗೊತ್ತೇ ಇರಲಿಲ್ಲ. ರಾತ್ರಿ ಊಟ ಮುಗಿದ ತಕ್ಷಣ ರಿಮೋಟ್ ಅವರ ಕೈಯಲ್ಲಿ.

ನಮ್ಮ ಊರಿನ ತಂಡ ಈ ಸಲ 6ನೇ ಸೀಡ್ (ಶ್ರೇಯಾಂಕ) ಆಗಿ ಪ್ಲೇಆಫ್‌ಗೆ ಬಂದಿದೆ. ಅಪ್ಪನಿಗೆ ಒಂದು ಪಂದ್ಯವನ್ನಾದರೂ ಕಣ್ಣಾರೆ ತೋರಿಸಬೇಕು ಅಂತ ಆಸೆ. ನಾಲ್ಕು ಜನ: ಅಪ್ಪ, ಅಮ್ಮ, ನನ್ನ ಯಜಮಾನರು, ನಾನು. ಬಾಕ್ಸ್ ಆಫೀಸ್ ಟಿಕೆಟ್, ಅಂದರೆ ತಂಡವೇ ಮಾರುವುದು, ಆಗಲೇ ಖಾಲಿ. ರೀಸೇಲ್‌ನಲ್ಲಿ, ಅಂದರೆ ಕೊಂಡವರು ಮತ್ತೆ ಮಾರುವ ಸೈಟಿನಲ್ಲಿ, ಮೊನ್ನೆ ಒಂದು ಟಿಕೆಟ್‌ಗೆ 119 ಡಾಲರ್ ಇತ್ತು, ನಿನ್ನೆ 142 ಆಯಿತು, ಇವತ್ತು ಬೆಳಿಗ್ಗೆ 128. ಎಷ್ಟಕ್ಕೆ ತಯಾರಾಗಿರಬೇಕು ಅಂತಲೇ ತಿಳಿಯುತ್ತಿಲ್ಲ. 4ನೇ ಪಂದ್ಯ ಆದ ಎರಡು ದಿನಕ್ಕೆ ಅವರ ವಾಪಸ್ ಫ್ಲೈಟ್ ಇದೆ. ಅಪ್ಪನಿಗೆ ಮಂಡಿ ನೋವು ಬೇರೆ. ದಯವಿಟ್ಟು ಅನುಭವ ಇರುವವರು ಹೇಳಿ.

ಲೆಕ್ಕದ ಪುಸ್ತಕ

ಅಕ್ಕ, ದರ ನೋಡುವುದನ್ನು ಒಂದು ನಿಮಿಷ ಬಿಡಿ. ಮೊದಲು ಯಾವ ಪಂದ್ಯ ಅಂತ ತೀರ್ಮಾನ ಆಗಲಿ.

ಎನ್‌ಬಿಎ ಸರಣಿ ಏಳು ಪಂದ್ಯಗಳದ್ದು, ನಾಲ್ಕು ಗೆದ್ದವರು ಮುಂದೆ. ಮೇಲಿನ ಸೀಡ್ ತಂಡದ ಮನೆಯಲ್ಲಿ 1, 2, 5, 7ನೇ ಪಂದ್ಯ. ನಿಮ್ಮ ತಂಡ ಕೆಳಗಿನ ಸೀಡ್, ಹಾಗಾಗಿ ನಿಮ್ಮೂರಲ್ಲಿ 3, 4, 6. ಇದರಲ್ಲಿ 3 ಮತ್ತು 4 ನಡೆದೇ ನಡೆಯುತ್ತವೆ. 6 ನಡೆಯಬಹುದು, ನಡೆಯದೆಯೂ ಇರಬಹುದು. ನಿಮ್ಮ ಫ್ಲೈಟ್ ನೋಡಿದರೆ 6 ಹೇಗೂ ಆಗುವುದಿಲ್ಲ. ಅಲ್ಲಿಗೆ ಒಂದು ತಲೆನೋವು ಕಡಿಮೆ ಆಯಿತು.

ಉಳಿದವರಿಗೂ ಉಪಯೋಗವಾಗಲಿ ಅಂತ ಇದನ್ನು ಬರೆಯುತ್ತೇನೆ. ಎರಡೂ ತಂಡ ಸಮಬಲ ಅಂತ ಇಟ್ಟುಕೊಂಡರೆ 5ನೇ ಪಂದ್ಯ ನಡೆಯುವ ಸಾಧ್ಯತೆ 87.5%, 6ನೆಯದು 62.5%, 7ನೆಯದು 31.25%. ಒಂದು ತಂಡ ಪ್ರತಿ ಪಂದ್ಯವನ್ನೂ 65% ಗೆಲ್ಲುವಷ್ಟು ಬಲಶಾಲಿಯಾಗಿದ್ದರೆ 6ನೆಯದು ಸುಮಾರು 52%ಗೆ ಇಳಿಯುತ್ತದೆ, 7ನೆಯದು 24%ಗಿಂತ ಕಡಿಮೆ. ಪಂದ್ಯ ನಡೆಯದಿದ್ದರೆ ದುಡ್ಡು ವಾಪಸ್ ಬರುತ್ತದೆ, ನಿಜ. ಆದರೆ ಅದು ಕಾರ್ಡಿಗೆ ಬರುವವರೆಗೆ ಸಿಕ್ಕಿಹಾಕಿಕೊಂಡಿರುತ್ತದೆ. ಹೋಟೆಲ್, ವಿಮಾನದ ಟಿಕೆಟ್ ದುಡ್ಡನ್ನು ಯಾರೂ ಕೊಡುವುದಿಲ್ಲ.

ಅಕ್ಟೋಬರ್

ಮೇಲಿನದಕ್ಕೆ ಬೇಸ್‌ಬಾಲ್ ಕಡೆಯಿಂದ ಒಂದು ಉದಾಹರಣೆ. 2024ರ ವರ್ಲ್ಡ್ ಸೀರೀಸ್‌ನಲ್ಲಿ (ಬೇಸ್‌ಬಾಲ್‌ನ ಫೈನಲ್ ಸರಣಿ) ಡಾಡ್ಜರ್ಸ್ ತಂಡ ಯಾಂಕೀಸ್ ವಿರುದ್ಧ ಐದೇ ಪಂದ್ಯದಲ್ಲಿ ಮುಗಿಸಿತು. ಲಾಸ್ ಏಂಜಲೀಸ್‌ನಲ್ಲಿ ಆಗಬೇಕಿದ್ದ 6 ಮತ್ತು 7 ನಡೆಯಲೇ ಇಲ್ಲ. ಮರುವರ್ಷ ಅದೇ ಡಾಡ್ಜರ್ಸ್, ಎದುರಾಳಿ ಟೊರಾಂಟೊ ಬ್ಲೂ ಜೇಸ್, 7ನೇ ಪಂದ್ಯ 11 ಇನ್ನಿಂಗ್ಸ್‌ವರೆಗೆ ಹೋಯಿತು.

ಬೇಸ್‌ಬಾಲ್‌ನಲ್ಲಿ ಸುತ್ತಿನಿಂದ ಸುತ್ತಿಗೆ ಕ್ರಮ ಬೇರೆ. ಮೊದಲ ಸುತ್ತಾದ ವೈಲ್ಡ್ ಕಾರ್ಡ್‌ನ ಮೂರೂ ಪಂದ್ಯ ಮೇಲಿನ ಸೀಡ್ ಮನೆಯಲ್ಲೇ. ಏಳು ಪಂದ್ಯದ ಸರಣಿಯಲ್ಲಿ 2-3-2. ಅಂದರೆ ಕೆಳಗಿನ ಸೀಡ್ ಊರಲ್ಲಿ 3, 4, 5. ಇದನ್ನು ನೋಡದೆ ಟಿಕೆಟ್ ತೆಗೆದುಕೊಳ್ಳುವವರು ಈಗಲೂ ಇದ್ದಾರೆ.

ಮೂರನೇ ಮಹಡಿ

ನನ್ನ ಸಲಹೆ ಒಂದೇ. ಕಾಯಿರಿ. ಪಂದ್ಯ ಶುರುವಾಗುವ ಎರಡು ಗಂಟೆ ಮುಂಚೆ ದರ ಬೀಳುತ್ತದೆ. ಮಾರುವವರ ಕೈಯಲ್ಲಿರುವ ಟಿಕೆಟ್ ಆಟ ಶುರುವಾದ ಮೇಲೆ ಬರೀ ಕಾಗದ. ನಾನು ಆರು ವರ್ಷದಿಂದ ಹೀಗೇ ಹೋಗುತ್ತಿದ್ದೇನೆ.

ಹನ್ನೊಂದನೇ ವರ್ಷ

ಮಾರುವ ಕಡೆಯಿಂದ ನಾನು ಹೇಳುತ್ತೇನೆ. ಹನ್ನೊಂದು ವರ್ಷದಿಂದ ನನ್ನ ಬಳಿ ಎರಡು ಸೀಸನ್ ಟಿಕೆಟ್ ಇವೆ. ಎಲ್ಲಾ ಪಂದ್ಯಕ್ಕೂ ಹೋಗಲು ಆಗುವುದಿಲ್ಲ, ಕೆಲವನ್ನು ಮಾರುತ್ತೇನೆ.

ಪ್ಲೇಆಫ್ ಟಿಕೆಟ್‌ಗೆ ತಂಡ ನಮ್ಮಿಂದಲೂ ಜಾಸ್ತಿ ತೆಗೆದುಕೊಳ್ಳುತ್ತದೆ. ಸುತ್ತು ಮೇಲೆ ಹೋದಂತೆ ದರವೂ ಏರುತ್ತದೆ. ಮಾರಿದಾಗ ಸೈಟಿನವರು ಸಾಮಾನ್ಯವಾಗಿ 10ರಿಂದ 15% ಹಿಡಿದುಕೊಳ್ಳುತ್ತಾರೆ. ನನಗೆ ಟಿಕೆಟ್ 90 ಡಾಲರ್‌ಗೆ ಬಿದ್ದಿದ್ದರೆ, 100ಕ್ಕೆ ಮಾರಿದರೂ ಕೈಗೆ ಬರುವುದು 85ರಿಂದ 90. ಹಾಗಾಗಿ ನನ್ನಂಥವರು ವಾರದ ಮುಂಚೆ ಒಂದು ಮಟ್ಟದಿಂದ ಕೆಳಗೆ ಇಳಿಯುವುದಿಲ್ಲ. ಕೊನೇ ದಿನ ಮಾತ್ರ ಬಂದಷ್ಟು ಬರಲಿ ಅಂತ ಇಳಿಸುತ್ತೇವೆ. ಮೂರನೇ ಮಹಡಿ ಅವರು ಹೇಳಿದ್ದು ಮೊದಲ ಸುತ್ತಿನ ಮಟ್ಟಿಗೆ ಸರಿ.

ಆದರೆ ಒಂದು ವಿಷಯ ನೆನಪಿರಲಿ. ಸರಣಿ ಗೆಲ್ಲುವ ಪಂದ್ಯ, ಫೈನಲ್ಸ್, 7ನೇ ಪಂದ್ಯ, ಇವುಗಳಲ್ಲಿ ಕೊನೇ ಗಂಟೆಯಲ್ಲೂ ಇಳಿಯುತ್ತದೆ ಅಂತ ನಂಬಿಕೊಂಡು ಕೂರಬೇಡಿ. 2025ರ ಎನ್‌ಬಿಎ ಫೈನಲ್ಸ್ 7ನೇ ಪಂದ್ಯಕ್ಕೆ ಹೋಯಿತಲ್ಲ, ಒಕ್ಲಹೋಮ ಸಿಟಿಯಲ್ಲಿ. ಫೈನಲ್ಸ್‌ನಲ್ಲಿ ಹಾಗಾಗಿದ್ದು 2016ರ ನಂತರ ಅದೇ ಮೊದಲು. ಅಂಥ ರಾತ್ರಿ ಯಾರು ತಮ್ಮ ಸೀಟು ಬಿಟ್ಟುಕೊಡುತ್ತಾರೆ? ಮಾರುವವರೇ ಕಡಿಮೆ.

ಲೆಕ್ಕದ ಪುಸ್ತಕ

ಕಾಯುವುದು ಒಬ್ಬರೇ ಹೋಗುವವರಿಗೆ ಸರಿ. ಮಂಡಿ ನೋವಿರುವ ಅಪ್ಪನನ್ನು ಪಾರ್ಕಿಂಗ್‌ನಲ್ಲಿ ಕೂರಿಸಿಕೊಂಡು ಫೋನ್ ನೋಡುತ್ತಾ ಕೂರುವುದು ಬೇಡ. ಈ ಒಂದು ಮಾತಿಗೆ ನನ್ನ ವಿರೋಧ ಇದೆ. ನಾಲ್ಕು ಸೀಟು ಬೇಕಾದವರಿಗಂತೂ ಬೇಡವೇ ಬೇಡ. ಕೊನೇ ಗಂಟೆಯಲ್ಲಿ ಅಗ್ಗಕ್ಕೆ ಉಳಿಯುವುದು ಹೆಚ್ಚಾಗಿ ಒಂಟಿ ಸೀಟುಗಳೇ.

ಈಗ ಅಂದಾಜಿನ ವಿಷಯ. ನೀವು ಒಂದು ಅಂಕಿ ಹುಡುಕುತ್ತಿದ್ದೀರಿ. ಬೇಕಾಗಿರುವುದು ಮೂರು.

3ನೇ ಪಂದ್ಯ ನಿಮ್ಮೂರಿಗೆ ಬರುವ ಹೊತ್ತಿಗೆ ಸರಣಿ 0–2, 1–1, 2–0 ಈ ಮೂರರಲ್ಲಿ ಒಂದಾಗಿರುತ್ತದೆ (ಮೊದಲ ಅಂಕಿ ನಿಮ್ಮ ತಂಡದ ಗೆಲುವು). ಮೂರಕ್ಕೂ ದರ ಬೇರೆ. ಎದುರಾಳಿ ಊರಲ್ಲಿ ನಿಮ್ಮ ತಂಡ ಗೆಲ್ಲುವ ಸಾಧ್ಯತೆ 35% ಅಂದುಕೊಳ್ಳೋಣ. ಆಗ 0–2 ಆಗುವ ಸಾಧ್ಯತೆ ಸುಮಾರು 42%, 1–1 ಆಗುವುದು 46%, 2–0 ಆಗುವುದು 12%. ನಾನು ಹಿಂದೆ ಬರೆದಿಟ್ಟುಕೊಂಡಿದ್ದನ್ನು ನೋಡಿ ನಿಮ್ಮಂಥ ಸೀಟಿಗೆ ಒಂದು ಅಂದಾಜು ಹಾಕಿದೆ: 0–2 ಆದರೆ 110 ಡಾಲರ್, 1–1 ಆದರೆ 170, 2–0 ಆದರೆ 210. ಸಾಧ್ಯತೆಗೆ ತಕ್ಕಂತೆ ಗುಣಿಸಿ ಕೂಡಿದರೆ 150ರ ಹತ್ತಿರ ಬರುತ್ತದೆ.

ಈಗ ಗಮನಿಸಿ. ಇವತ್ತು ಸೈಟಿನಲ್ಲಿ ಕಾಣುವ ದರದಲ್ಲಿ ಈ ಮೂರೂ ಬೆರೆತಿವೆ. ಆ ಬೆರಕೆ ದರಕ್ಕೆ ಇವತ್ತೇ ತೆಗೆದುಕೊಂಡರೆ ಒಂದು ಲೆಕ್ಕ. ಕಾದರೆ ನೀವು ಕೊಡುವುದು 150 ಅಲ್ಲ. ಮೂರರಲ್ಲಿ ಒಂದನ್ನು ಕೊಡುತ್ತೀರಿ. ಅದಕ್ಕೇ ಬಜೆಟ್ ಹಾಕುವಾಗ ಸರಾಸರಿ ನೋಡಬೇಡಿ. 170 ಕೊಡಲು ಆಗುತ್ತದೆಯಾ, 210 ಆದರೆ ಬಿಟ್ಟುಬಿಡುತ್ತೀರಾ, ಅದನ್ನು ಮನೆಯಲ್ಲಿ ಈಗಲೇ ಮಾತಾಡಿಕೊಳ್ಳಿ.

ಮಳೆಗಾಲ

ಇದು ನಿಜವಾಗಲೂ ತಲೆಗೆ ಹೋಯಿತು, ತುಂಬಾ ಥ್ಯಾಂಕ್ಸ್. ಮನೆಯಲ್ಲಿ ಮಾತಾಡಿದೆವು. ಟಿಕೆಟ್‌ಗೆ 170ಕ್ಕಿಂತ ಜಾಸ್ತಿ ಆಗುವುದಿಲ್ಲ. ಎಲ್ಲಾ ಸೇರಿ 750 ಡಾಲರ್ ಎತ್ತಿಡುತ್ತೇವೆ. ನಾನು ಕಂಡ ದರದ ಮೇಲೆ ಫೀಸು ಬೇರೆ ಬರುತ್ತದಾ?

ಸೇತುವೆ ಆಚೆ

ಈಗ ಆ ಗೋಳು ಕಡಿಮೆ. ಗ್ರಾಹಕರ ಹಿತ ನೋಡುವ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್‌ನ ನಿಯಮ 2025ರ ಮೇ 12ರಿಂದ ಜಾರಿಯಲ್ಲಿದೆ. ಕಡ್ಡಾಯ ಫೀಸು ಸೇರಿಸಿದ ಪೂರ್ತಿ ದರವನ್ನೇ ಮೊದಲು ತೋರಿಸಬೇಕು. ನ್ಯೂಯಾರ್ಕ್ ರಾಜ್ಯದಲ್ಲಿ 2022ರಿಂದಲೇ ಇಂಥ ಕಾನೂನು ಇತ್ತು. ಆದರೆ ಸರ್ಕಾರದ ತೆರಿಗೆಯನ್ನು ಆಮೇಲೆ ಸೇರಿಸಲು ಅವಕಾಶ ಇದೆ. ಹಾಗಾಗಿ ಕೊನೇ ಪುಟದವರೆಗೆ ಹೋಗಿ ನೋಡಿ, ದುಡ್ಡು ಕಟ್ಟುವ ಮುಂಚೆ ನಿಲ್ಲಿಸಿ.

ಹಳೇ ಪೋಸ್ಟ್‌ಗಳನ್ನು ಓದಿ ಹೋಲಿಸುವವರು ಎಚ್ಚರ. 2025ಕ್ಕೆ ಮುಂಚೆ ಜನ ಬರೆದ ದರಗಳಲ್ಲಿ ಎಷ್ಟೋ ಫೀಸು ಸೇರಿಸದ ದರಗಳು. ಅದನ್ನು ಇವತ್ತಿನ ದರದ ಪಕ್ಕ ಇಟ್ಟರೆ ಸುಮ್ನೆ ಗಾಬರಿ ಆಗುತ್ತದೆ.

ಇನ್ನೊಂದು, ನನಗಾದ ಕಷ್ಟ. ಎರಡು ವರ್ಷದ ಹಿಂದೆ ಒಂದು ರೀಸೇಲ್ ಸೈಟಿನಲ್ಲಿ ಸೀಟ್ ನಂಬರ್ ಇಲ್ಲದ, ಬರೀ ಸೆಕ್ಷನ್ ಹೆಸರಿದ್ದ ಎರಡು ಟಿಕೆಟ್ ತೆಗೆದುಕೊಂಡೆ. ಬೇರೆಯವರಿಗಿಂತ 30 ಡಾಲರ್ ಕಡಿಮೆ ಇತ್ತು. ಪಂದ್ಯದ ದಿನ ಸಂಜೆ ಐದಾದರೂ ಟಿಕೆಟ್ ಬರಲಿಲ್ಲ. ಮಗಳು ತಂಡದ ಜೆರ್ಸಿ ಹಾಕಿಕೊಂಡು, ಶೂ ಲೇಸ್ ಕಟ್ಟಿಕೊಂಡು ಬಾಗಿಲ ಹತ್ತಿರ ಕೂತಿದ್ದಳು. ಆರೂವರೆಗೆ ಮೆಸೇಜ್ ಬಂತು, ಮಾರಿದವರು ಟಿಕೆಟ್ ಕೊಡಲು ಆಗುತ್ತಿಲ್ಲ, ದುಡ್ಡು ವಾಪಸ್ ಅಂತ. ಆ ವ್ಯಕ್ತಿಯ ಹತ್ತಿರ ಟಿಕೆಟ್ ಇರಲೇ ಇಲ್ಲ. ಮುಂದೆ ಅಗ್ಗಕ್ಕೆ ಸಿಗುತ್ತದೆ ಅಂತ ಮೊದಲೇ ಮಾರಿದ್ದರು, ಸಿಗಲಿಲ್ಲ. ದುಡ್ಡು ಪೂರ್ತಿ ಬಂತು. ಮಗಳಿಗೆ ಏನು ಹೇಳಲಿ? ಅವತ್ತಿನಿಂದ ರೋ ನಂಬರ್ ಮತ್ತು "ತಕ್ಷಣ ಟಿಕೆಟ್ ಬರುತ್ತದೆ" ಅನ್ನುವ ಗುರುತು ಇಲ್ಲದ್ದನ್ನು ನಾನು ಮುಟ್ಟುವುದಿಲ್ಲ.

ಐಸ್ ಮನೆ

ನಾನು ಐಸ್ ಹಾಕಿ ನೋಡುವವನು. 4ನೇ ಪಂದ್ಯದ ಬಗ್ಗೆ ಒಂದು ಮಾತು.

ಸರಣಿ 0–3 ಆದರೆ ಮನೆ ಊರಿನ 4ನೇ ಪಂದ್ಯದ ದರ ಕುಸಿಯುತ್ತದೆ. ಜನಕ್ಕೆ ಆಸೆಯೇ ಹೋಗಿರುತ್ತದೆ. ಎನ್‌ಬಿಎಯಲ್ಲಿ 2025ರ ಸೀಸನ್ ಮುಗಿಯುವವರೆಗೆ 0–3ರಿಂದ ಎದ್ದು ಸರಣಿ ಗೆದ್ದ ತಂಡ ಒಂದೂ ಇಲ್ಲ. ಬೇಸ್‌ಬಾಲ್‌ನಲ್ಲಿ ಒಂದೇ ಒಂದು, 2004ರ ಬಾಸ್ಟನ್ ರೆಡ್ ಸಾಕ್ಸ್. ನಮ್ಮ ಹಾಕಿಯಲ್ಲಿ ನಾಲ್ಕು ಸಲ ಆಗಿದೆ: 1942, 1975, 2010, 2014. ನಿಮ್ಮ ಅಪ್ಪನಿಗೆ ಆಟ ನೋಡುವುದೇ ಮುಖ್ಯ ಆಗಿದ್ದರೆ ಅಂಥ 4ನೇ ಪಂದ್ಯ ಒಳ್ಳೆಯ ಅವಕಾಶ. ಆದರೆ ಗ್ಯಾಲರಿಯಲ್ಲಿ ಆ ಗದ್ದಲ, ಆ ಹುಮ್ಮಸ್ಸು ಇರುವುದಿಲ್ಲ. ಅದೂ ಬೇಕು ಅಲ್ವಾ?

ಕೆನಡಾ ತಂಡಗಳ ಪಂದ್ಯಕ್ಕೆ ಹೋಗುವವರು ದರ ಯಾವ ಡಾಲರ್‌ನಲ್ಲಿದೆ ಅಂತ ನೋಡಿ. ಒಂದು ಸೈಟಿನಲ್ಲಿ ಅಮೆರಿಕನ್ ಡಾಲರ್, ಇನ್ನೊಂದರಲ್ಲಿ ಕೆನಡಾ ಡಾಲರ್ ಇಟ್ಟುಕೊಂಡು ಹೋಲಿಸಿದವರನ್ನು ನೋಡಿದ್ದೇನೆ.

ಹನ್ನೊಂದನೇ ವರ್ಷ

ಐಸ್ ಮನೆ ಹೇಳಿದ್ದಕ್ಕೆ ಸೇರಿಸುತ್ತೇನೆ. ನಮ್ಮ ತಂಡ ಮನೆಯಲ್ಲಿ ಸೋತ ರಾತ್ರಿ ಗಮನಿಸಿ. ಪಂದ್ಯ ಮುಗಿದ ಒಂದು ಗಂಟೆಯೊಳಗೆ ಮುಂದಿನ ಪಂದ್ಯದ ಟಿಕೆಟ್‌ಗಳು ದಬದಬ ಅಂತ ಮಾರಾಟಕ್ಕೆ ಬಂದು ಬೀಳುತ್ತವೆ. ಬೇಜಾರಲ್ಲಿ ಕಾರು ಓಡಿಸಿಕೊಂಡು ಮನೆಗೆ ಬಂದವರು ಮೊದಲು ಮಾಡುವ ಕೆಲಸವೇ ಅದು. ನಾನೂ ಮಾಡಿದ್ದೇನೆ. ಬೆಳಿಗ್ಗೆ ಎದ್ದಾಗ ಆಸೆ ಮತ್ತೆ ಚಿಗುರಿರುತ್ತದೆ, ದರವೂ ಸ್ವಲ್ಪ ಏರಿರುತ್ತದೆ.

ಲೆಕ್ಕದ ಪುಸ್ತಕ

ಹೌದು, ನನ್ನ ಪುಸ್ತಕದಲ್ಲೂ ಅದು ಇದೆ. ಅಕ್ಕ, ಇವತ್ತಿನಿಂದ ದಿನಾ ರಾತ್ರಿ ಒಂಬತ್ತಕ್ಕೆ ಎರಡು ಅಂಕಿ ಬರೆದಿಡಿ. ಒಂದು, ನಿಮಗೆ ಬೇಕಾದ ಸೆಕ್ಷನ್‌ಗಳಲ್ಲಿ ಜೋಡಿ ಸೀಟಿನ ದರ. ಎಲ್ಲಕ್ಕಿಂತ ಅಗ್ಗದ್ದನ್ನು ಬರೆಯಬೇಡಿ, ಅಗ್ಗದಿಂದ ಐದನೆಯದನ್ನು ಬರೆಯಿರಿ. ಮೊದಲ ಎರಡು ಮೂರು ಯಾವಾಗಲೂ ಏನಾದರೂ ಕೊರತೆ ಇರುವಂಥವು, ಕಂಬ ಅಡ್ಡ ಬರುವುದೋ, ಕೊನೇ ರೋ ಇರುವುದೋ. ಎರಡು, ಒಟ್ಟು ಎಷ್ಟು ಟಿಕೆಟ್ ಮಾರಾಟಕ್ಕಿವೆ ಅನ್ನುವುದು. ದರ ಅಲ್ಲೇ ನಿಂತು ಟಿಕೆಟ್ ಸಂಖ್ಯೆ ಇಳಿಯುತ್ತಿದ್ದರೆ ದರ ಏರುವ ಸೂಚನೆ. ಸಂಖ್ಯೆ ಏರುತ್ತಿದ್ದರೆ ಆತುರ ಬೇಡ.

ಪಟ್ಟಿಯಲ್ಲಿ ಕಾಣುವುದು ಕೇಳುವ ದರ, ಮಾರಿ ಹೋದ ದರ ಅಲ್ಲ. ಒಂದೇ ರೋ ಮೂರು ದಿನವಾದರೂ 240ಕ್ಕೆ ಅಲ್ಲೇ ಕೂತಿದ್ದರೆ ಅದಕ್ಕೆ ಅಷ್ಟು ಬೆಲೆ ಇಲ್ಲ ಅಂತಲೇ ಅರ್ಥ.

ಮೂರನೇ ಮಹಡಿ

ನಾಲ್ಕೂ ಸೀಟು ಒಂದೇ ಸಾಲಲ್ಲಿ ಬೇಕಾ? ನಾಲ್ಕು ಅಕ್ಕಪಕ್ಕ ಸಿಗುವುದು ಕಮ್ಮಿ, ಅದಕ್ಕೇ ದುಬಾರಿ. ಎರಡು ಮುಂದೆ, ಎರಡು ಅದರ ಹಿಂದೆ ನೋಡಿ. ಅಪ್ಪ ಅಮ್ಮ ಮುಂದೆ, ನೀವಿಬ್ಬರು ಹಿಂದೆ. ಅವರ ಭುಜ ತಟ್ಟಿ ಮಾತಾಡಿಸಬಹುದು.

ಮಂಡಿ ವಿಷಯ ಹೇಳಲೇಬೇಕು. ಹೆಸರಲ್ಲೇ ಇದೆ, ನಾನು ಯಾವಾಗಲೂ ಮೇಲಿನ ಮಹಡಿ. ಅಲ್ಲಿ ಮೆಟ್ಟಿಲು ಕಡಿದಾಗಿರುತ್ತವೆ. ರೋ 2ಕ್ಕೂ ರೋ 18ಕ್ಕೂ ದರದಲ್ಲಿ 25 ಡಾಲರ್ ವ್ಯತ್ಯಾಸ ಕಾಣಬಹುದು, ಆದರೆ ನಡುವೆ ಹದಿನಾರು ಮೆಟ್ಟಿಲಿವೆ. ಎಷ್ಟೋ ಕಡೆ ಕೈ ಹಿಡಿಯಲು ಸರಿಯಾದ ಕಂಬಿ ಇಲ್ಲ. ಬಾತ್‌ರೂಮಿಗೆ ಒಂದು ಸಲ ಹೋಗಿಬಂದರೆ ಇಳಿದು ಹತ್ತಿ ಮೂವತ್ತೆರಡು. ಆದರೆ ಕೆಲವು ಅಂಗಳಗಳಲ್ಲಿ ಬಾಗಿಲು ಮೇಲ್ಗಡೆ ಇದ್ದು ಕೆಳಗೆ ಇಳಿಯಬೇಕು, ಅಲ್ಲಿ ದೊಡ್ಡ ನಂಬರಿನ ರೋ ಒಳ್ಳೆಯದು. ಸೆಕ್ಷನ್‌ನಿಂದ ಕಾಣುವ ಫೋಟೋ ಸೈಟಿನಲ್ಲೇ ಹಾಕಿರುತ್ತಾರೆ, ನೋಡಿಕೊಳ್ಳಿ. ಸಾಲಿನ ತುದಿಯ ಸೀಟು ಸಿಕ್ಕರೆ ಹತ್ತು ಡಾಲರ್ ಜಾಸ್ತಿ ಕೊಟ್ಟರೂ ಪರವಾಗಿಲ್ಲ.

ಸೇತುವೆ ಆಚೆ

ಟಿಕೆಟ್ ಫೋನ್‌ನಲ್ಲೇ ಇರುತ್ತದೆ. ಟಿಕೆಟ್‌ಮಾಸ್ಟರ್‌ನ ಸೇಫ್‌ಟಿಕ್ಸ್ ಬಾರ್‌ಕೋಡ್ ಕೆಲವೇ ಸೆಕೆಂಡಿಗೊಮ್ಮೆ ಬದಲಾಗುತ್ತದೆ, ಸ್ಕ್ರೀನ್‌ಶಾಟ್ ನಡೆಯುವುದಿಲ್ಲ. ಯಾರಾದರೂ ಸ್ಕ್ರೀನ್‌ಶಾಟ್ ಕಳಿಸುತ್ತೇನೆ, ಅರ್ಧ ದರಕ್ಕೆ ತಗೊಳ್ಳಿ ಅಂದರೆ ಮಾತೇ ಬೇಡ. ಮನೆಯಲ್ಲೇ ಆ್ಯಪ್ ತೆರೆದು, ಟಿಕೆಟ್ ವ್ಯಾಲೆಟ್‌ಗೆ ಹಾಕಿಕೊಂಡು ಹೋಗಿ. ಬ್ಯಾಗಿನ ಅಳತೆಗೂ ನಿಯಮ ಇರುತ್ತದೆ. ಅಮ್ಮನ ದೊಡ್ಡ ವ್ಯಾನಿಟಿ ಬ್ಯಾಗ್ ಕಾರಿನಲ್ಲೇ ಇರಲಿ.

ಮಳೆಗಾಲ

ನಾನು ಬರೆದಿಟ್ಟಿದ್ದು ಇಲ್ಲಿದೆ. 3ನೇ ಪಂದ್ಯ, ಅಗ್ಗದಿಂದ ಐದನೇ ಜೋಡಿ, ಒಂದು ಟಿಕೆಟ್‌ಗೆ. ಸರಣಿ ಶುರುವಾಗುವ ಮುಂಚೆ 148. ಮೊದಲ ಪಂದ್ಯ ಸೋತ ರಾತ್ರಿ 131. ಎರಡನೇ ಪಂದ್ಯ ಗೆದ್ದರು! ಅವತ್ತು ರಾತ್ರಿ 186, ಮಾರನೇ ದಿನ ಬೆಳಿಗ್ಗೆ 194. ಮಾರಾಟಕ್ಕಿದ್ದ ಟಿಕೆಟ್ ಅರ್ಧಕ್ಕರ್ಧ ಖಾಲಿ.

ಅಪ್ಪ ಖುಷಿಯಲ್ಲಿ ಕುಣಿಯುತ್ತಿದ್ದಾರೆ. ನಾನು ಫೋನ್ ಹಿಡಿದುಕೊಂಡು ಸಪ್ಪೆ ಆಗಿದ್ದೇನೆ. 131 ಇದ್ದಾಗ ತೆಗೆದುಕೊಳ್ಳಬೇಕಿತ್ತಾ?

ಲೆಕ್ಕದ ಪುಸ್ತಕ

ಅಕ್ಕ, ಅವತ್ತು ನಿಮಗೆ ಗೊತ್ತಿದ್ದಷ್ಟಕ್ಕೆ ನೀವು ತಪ್ಪು ಮಾಡಿಲ್ಲ. 1–1ಕ್ಕೆ ನಾನು 170 ಅಂದಿದ್ದೆ, 190ರ ಆಸುಪಾಸು ಬಂತು. ನನ್ನ ಅಂದಾಜು ಕಡಿಮೆಯಾಯಿತು. 3ನೇ ಪಂದ್ಯ ಶುಕ್ರವಾರ ರಾತ್ರಿ ಅನ್ನುವುದನ್ನು ನಾನು ಸರಿಯಾಗಿ ಹಿಡಿಯಲಿಲ್ಲ. ಮರುದಿನ ರಜೆ ಇರುವ ರಾತ್ರಿ ಜಾಸ್ತಿಯೇ ಇರುತ್ತದೆ.

ನಿಮ್ಮ ಮಿತಿ 170. ಅದನ್ನು ದಾಟಬೇಡಿ. 4ನೇ ಪಂದ್ಯ ಇದೆ. ಗೆದ್ದರೆ 2–1, ಆಗ 4ನೆಯದು 200 ದಾಟಬಹುದು, ನಾವು ಬಿಡಬೇಕಾಗುತ್ತದೆ. ಸೋತರೆ 1–2, ಆಗ ನಿಮ್ಮ ಮಿತಿಯೊಳಗೆ ಬರುತ್ತದೆ ಅಂತ ನನ್ನ ಎಣಿಕೆ. ಅಥವಾ ಈಗಲೇ 4ನೆಯದು 170ರೊಳಗೆ ಕಂಡರೆ ತೆಗೆದುಕೊಂಡುಬಿಡಿ. ಆಗ ನಿಶ್ಚಿಂತೆ.

ಮಳೆಗಾಲ

ಈಗ 4ನೆಯದು 179. ಕಾಯುತ್ತೇವೆ. ಅಪ್ಪನಿಗೆ ಇನ್ನೂ ಹೇಳಿಲ್ಲ.

ಹನ್ನೊಂದನೇ ವರ್ಷ

ಇನ್ನೊಂದು ದಾರಿ ಇದೆ, ಎಲ್ಲರಿಗೂ ಆಗುವುದಿಲ್ಲ. ಊರು ದೊಡ್ಡದಾದಷ್ಟೂ ದರ ದೊಡ್ಡದು. 2025ರಲ್ಲಿ ನ್ಯೂಯಾರ್ಕ್ ನಿಕ್ಸ್ 2000ದ ನಂತರ ಮೊದಲ ಸಲ ಈಸ್ಟರ್ನ್ ಕಾನ್ಫರೆನ್ಸ್ ಫೈನಲ್‌ಗೆ (ಎನ್‌ಬಿಎ ಸೆಮಿಫೈನಲ್ ಇದ್ದಂತೆ) ಬಂತು. ಅವರ ಕ್ರೀಡಾಂಗಣ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಸೀಟು ಇಪ್ಪತ್ತು ಸಾವಿರದೊಳಗೆ, ಕಾದವರು ಇಡೀ ನಗರ. ಅಂಥ ಸಮಯದಲ್ಲಿ ಎದುರಾಳಿಯ ಚಿಕ್ಕ ಊರಿಗೆ ಹೋಗಿ ನೋಡುವುದು ಎಷ್ಟೋ ಸಲ ಅಗ್ಗ, ಪೆಟ್ರೋಲ್, ಹೋಟೆಲ್ ಸೇರಿಸಿದರೂ. ಅದಕ್ಕೇ ಕೆಲವು ತಂಡಗಳು ಬಾಕ್ಸ್ ಆಫೀಸ್ ಟಿಕೆಟ್ಟನ್ನು ಸುತ್ತಮುತ್ತಲ ವಿಳಾಸ ಇರುವ ಕಾರ್ಡಿಗೆ ಮಾತ್ರ ಕೊಡುತ್ತವೆ.

ಮಳೆಗಾಲ

ಮೊನ್ನೆ ರಾತ್ರಿ 3ನೇ ಪಂದ್ಯ ಸೋತರು. ಅಪ್ಪ ಟಿವಿ ಆರಿಸಿ ಮಾತಾಡದೆ ಮಲಗಲು ಹೋದರು. ನಾನು ಅಡುಗೆ ಮನೆಯಲ್ಲಿ ನಿಂತು ಫೋನ್ ತೆಗೆದೆ. ಹನ್ನೊಂದನೇ ವರ್ಷ ಅವರು ಹೇಳಿದ ಹಾಗೇ ಆಯಿತು. 4ನೇ ಪಂದ್ಯದ ಟಿಕೆಟ್ ಪಟ್ಟಿ ಬೆಳೆಯುತ್ತಾ ಹೋಯಿತು. 171, 165, ಹನ್ನೊಂದು ಗಂಟೆಗೆ 152. ರೋ 3ರಲ್ಲಿ ತುದಿಯ ಎರಡು ಸೀಟು, ರೋ 4ರಲ್ಲಿ ಅದರ ಹಿಂದಿನ ಎರಡು, ಒಬ್ಬರೇ ಮಾರುತ್ತಿದ್ದರು. ಸೀಟ್ ನಂಬರ್ ಇತ್ತು, ತಕ್ಷಣ ಬರುವ ಗುರುತೂ ಇತ್ತು. ಎಲ್ಲಾ ಸೇರಿ 608 ಡಾಲರ್. ಐದು ನಿಮಿಷಕ್ಕೆ ನಾಲ್ಕೂ ಟಿಕೆಟ್ ಫೋನ್‌ಗೆ ಬಂದವು.

ಬೆಳಿಗ್ಗೆ ಕಾಫಿ ಜೊತೆ ಫೋನ್ ಅಪ್ಪನ ಮುಂದಿಟ್ಟೆ. ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. "ಎಷ್ಟಾಯಿತು?" ಅಂತ ಕೇಳಿದರು. ಹೇಳಲಿಲ್ಲ.

ಇವತ್ತು ಹೋಗಿ ಬಂದೆವು. ಪಾರ್ಕಿಂಗ್ 45, ಒಳಗೆ ತಿಂಡಿ, ನೀರು 58. ಒಟ್ಟು 711. ಮೆಟ್ಟಿಲು ಆರೇ ಆರು, ಅಪ್ಪ ನನ್ನ ಕೈ ಹಿಡಿಯದೆ ಇಳಿದರು. ಸೀಟಿನ ಮೇಲೆ ಇಟ್ಟಿದ್ದ ಟವೆಲ್ಲನ್ನು ನಾಲ್ಕನೇ ಕ್ವಾರ್ಟರ್ ಪೂರ್ತಿ ಬೀಸಿದರು. ನಾಲ್ಕು ಪಾಯಿಂಟ್‌ನಲ್ಲಿ ಗೆದ್ದೆವು. ಆ ಟವೆಲ್ ಈಗ ಮಡಚಿ ಸೂಟ್‌ಕೇಸಿನ ಮೇಲೇ ಇದೆ.

ಐಸ್ ಮನೆ

ಓದಿ ಮನಸ್ಸು ತುಂಬಿತು. 2–2 ಆಯಿತು, ಅಂದರೆ ನಿಮ್ಮೂರಲ್ಲಿ 6ನೇ ಪಂದ್ಯ ಗ್ಯಾರಂಟಿ.

ಹೊಸಬ

ನಾನು ಅದೇ ಊರಿನವನು. 6ನೇ ಪಂದ್ಯಕ್ಕೆ ನೋಡುತ್ತಿದ್ದೇನೆ, ಒಂದೇ ಸೀಟು ಸಾಕು. ಈಗ 175 ಇದೆ. ತಗೊಳ್ಳಲಾ?

ಲೆಕ್ಕದ ಪುಸ್ತಕ

5ನೇ ಪಂದ್ಯ ನಿಮ್ಮ ತಂಡ ಗೆದ್ದರೆ 6ನೆಯದು ಮನೆಯಲ್ಲಿ ಸರಣಿ ಗೆಲ್ಲುವ ಪಂದ್ಯ, ದರ ಹಾರುತ್ತದೆ. ಸೋತರೆ ಸೀಸನ್‌ನ ಕೊನೇ ಪಂದ್ಯ ಆಗಬಹುದು, ಆಗ ಇಳಿಯಬಹುದು. 5ನೆಯದು ಅವರ ಊರಲ್ಲಿ ಇರುವುದರಿಂದ ಸೋಲುವ ಸಾಧ್ಯತೆಯೇ ಜಾಸ್ತಿ. ಒಂಟಿ ಸೀಟು ಅಂದಿರಿ, ಹಾಗಾದರೆ ನಿಮ್ಮ ಮಿತಿ ಎಷ್ಟು ಅಂತ ಮೊದಲು ಹೇಳಿ.